ಭಾನುವಾರದ ಪ್ರಶ್ನೋತ್ತರ: ಪುರಾತತ್ವ, ಮ್ಯೂಸಿಯಂ, ಸಂರಕ್ಷಣೆ ಓದುವ ಬಗ್ಗೆ

ಗುಂಪಿನ ಅಡ್ಮಿನ್: ಪುರಾತತ್ವ ಎಲ್ಲಿ ಓದುವುದು, ಹೇಗೆ ಓದುವುದು ಎಂದು ಹಲವರು ಕೇಳುತ್ತಲೇ ಇದ್ದೀರಿ. ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತೆರಡು ವರ್ಷ ಲೋಹ, ತಾಳೆಗರಿ, ಕಲ್ಲುಗಳ ಸಂರಕ್ಷಣೆ ಮಾಡಿರುವ ಮೇಡಂ ಇವತ್ತು ಉತ್ತರಿಸಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಮೇಲಿನದನ್ನು ಓದಿ, ಆಮೇಲೆ ಕೇಳಿ.

ಬಿ.ಎ. ವಿದ್ಯಾರ್ಥಿನಿ, ತುಮಕೂರು: ನಮಸ್ತೆ ಮೇಡಂ. ಎಂ.ಎ. ಪುರಾತತ್ವ ಕರ್ನಾಟಕದಲ್ಲಿ ಎಲ್ಲೆಲ್ಲಿ ಇದೆ? ಹೊರಗೆ ಹೋಗಲೇಬೇಕಾ?

ಮೇಡಂ: ನಮಸ್ತೆ. ಮೈಸೂರು ವಿ.ವಿ.ಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ ಇದೆ. ಧಾರವಾಡದ ಕರ್ನಾಟಕ ವಿ.ವಿ.ಯಲ್ಲಿ ಪ್ರಾಚೀನ ಭಾರತದ ಇತಿಹಾಸ ಮತ್ತು ಶಾಸನಶಾಸ್ತ್ರ. ಹಂಪಿಯ ಕನ್ನಡ ವಿ.ವಿ.ಯಲ್ಲೂ ವಿಭಾಗ ಇದೆ. ಹೊರಗೆ ಹೋಗುವುದಾದರೆ ಅಗೆತಕ್ಕೆ ಪುಣೆಯ ಡೆಕ್ಕನ್ ಕಾಲೇಜು, ಮ್ಯೂಸಿಯಂ ಕೆಲಸಕ್ಕೆ ಬರೋಡ. ಬರೋಡದಲ್ಲಿ 1952ರಿಂದ ಮ್ಯೂಸಿಯಾಲಜಿ ಕಲಿಸುತ್ತಿದ್ದಾರೆ. ದೆಹಲಿಯ ನ್ಯಾಷನಲ್ ಮ್ಯೂಸಿಯಂ ಒಳಗೆ ಇದ್ದ ಸಂಸ್ಥೆ ಈಗ ನೋಯ್ಡಾಗೆ ಹೋಗಿದೆ. ಕಲಾ ಇತಿಹಾಸ, ಮ್ಯೂಸಿಯಾಲಜಿ, ಸಂರಕ್ಷಣೆ ಮೂರಕ್ಕೂ ಅಲ್ಲಿ ಎಂ.ಎ. ಉಂಟು. ಎಂ.ಎ. ಆದವರಿಗೆ ಕೇಂದ್ರ ಪುರಾತತ್ವ ಸರ್ವೇಕ್ಷಣೆಯದೇ ಸಂಸ್ಥೆ ಗ್ರೇಟರ್ ನೋಯ್ಡಾದಲ್ಲಿ ಎರಡು ವರ್ಷದ ಡಿಪ್ಲೊಮಾ ಕೊಡುತ್ತದೆ. ಹೊರಗೆ ಹೋಗಲೇಬೇಕೆಂದಿಲ್ಲ. ನಿಮಗೆ ಮಣ್ಣು ಇಷ್ಟವೋ, ಅಕ್ಷರ ಇಷ್ಟವೋ, ವಸ್ತು ಇಷ್ಟವೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಊರು ಅದರ ಮೇಲೆ ತೀರ್ಮಾನ ಆಗುತ್ತದೆ.

ಪದವೀಧರ, ದಾವಣಗೆರೆ: ಓದಿದರೆ ಕೆಲಸ ಸಿಗುತ್ತಾ ಮೇಡಂ?

ಮೇಡಂ: ಸಿಗುತ್ತದೆ, ತಡವಾಗಿ. ಸರ್ವೇಕ್ಷಣೆಯ ಮೇಲಿನ ಹುದ್ದೆಗಳನ್ನು ಯು.ಪಿ.ಎಸ್.ಸಿ. ತುಂಬುತ್ತದೆ, ಆದರೆ ಪ್ರತಿ ವರ್ಷ ಕರೆಯುವುದಿಲ್ಲ. ರಾಜ್ಯ ಇಲಾಖೆಯಲ್ಲಿ ಅದಕ್ಕಿಂತ ಅಪರೂಪ. ಪಾಠ ಮಾಡುವವರಿಗೆ ನೆಟ್ ಪರೀಕ್ಷೆಯಲ್ಲಿ ಪುರಾತತ್ವ ಒಂದು ವಿಷಯ, ಮ್ಯೂಸಿಯಾಲಜಿ ಮತ್ತು ಸಂರಕ್ಷಣೆ ಇನ್ನೊಂದು ವಿಷಯ. ನಡುವಿನ ವರ್ಷಗಳಲ್ಲಿ ಗುತ್ತಿಗೆ ಕೆಲಸ, ಯೋಜನಾ ಸಹಾಯಕರ ಕೆಲಸ. ಮನೆಯಲ್ಲಿ ನಿಮ್ಮ ಸಂಬಳವನ್ನೇ ಕಾಯುತ್ತಿದ್ದರೆ ಕೈಯಲ್ಲಿ ಇನ್ನೊಂದು ದಾರಿಯೂ ಇರಲಿ.

ಬಿ.ಎಸ್ಸಿ. ವಿದ್ಯಾರ್ಥಿ, ಹಾವೇರಿ ಜಿಲ್ಲೆ: ನಮಸ್ಕಾರ್ರಿ ಮೇಡಂ. ನಾನು ಕೊನೀ ವರ್ಷದ ಕೆಮಿಸ್ಟ್ರಿ. ಪುರಾತತ್ವ ಓದಬೇಕಂತ ಭಾಳ ಆಸೆ ಐತ್ರಿ, ಆದ್ರ ಹಿಸ್ಟರಿ ಓದಿಲ್ಲ. ನಮ್ಮಂಥವರಿಗೆ ಸೀಟು ಕೊಡ್ತಾರೇನ್ರಿ? ಈ ಆಸೆ ಯಾಕ ಬಂತಂದ್ರ, ಹಳೀ ಮನಿ ಬಿಚ್ಚುವಾಗ ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ ಮೂರು ತಾಮ್ರದ ಹಲಗಿ ಸಿಕ್ಕಾವ್ರಿ. ಮೂರನ್ನೂ ಒಂದು ಬಳಿಯೊಳಗ ಪೋಣಿಸ್ಯಾರ, ಬಳಿ ಮ್ಯಾಲೆ ಹಂದಿ ಹಂಗ ಕಾಣೂ ಮುದ್ರಿ ಐತಿ. ನಮ್ಮ ಕಾಕಾ ವಾಟ್ಸಾಪ್‌ನ್ಯಾಗ ಬಂದದ್ದು ನೋಡಿ ಮೊದಲನೇ ಹಲಗಿಗೆ ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕಿದ್ರು. ಕೆಂಪಗ ಹೊಳೀತು. ಈಗ ಎರಡು ವಾರ ಆತು, ಅದರ ಮ್ಯಾಲೆ ತಿಳಿ ಹಸಿರು ಪುಡಿ ಎದ್ದೈತ್ರಿ. ಉಳಿದ ಎರಡನ್ನೂ ತೊಳೀಬೇಕು, ಬಳಿ ಕೊಯ್ದು ಬಿಡಿಸಬೇಕು ಅಂತ ಹೇಳಾಕ ಹತ್ಯಾರ.

ಮೇಡಂ: ತಮ್ಮಾ, ಮೊದಲು ಕಾಕಾನ ಕೈ ಹಿಡಿದು ನಿಲ್ಲಿಸು. ಸೀಟಿನ ಮಾತು ಆಮೇಲೆ.

ಆ ಪುಡಿ ಬೆರಳಿಗೆ ಅಂಟುತ್ತದೆಯೋ? ಅಕ್ಷರದ ತಗ್ಗುಗಳಲ್ಲಿ ಚುಕ್ಕೆ ಚುಕ್ಕೆಯಾಗಿದೆಯೋ? ಹಾಗಿದ್ದರೆ ಅದನ್ನು ಬ್ರಾಂಜ್ ರೋಗ ಎನ್ನುತ್ತೇವೆ. ಶುದ್ಧ ತಾಮ್ರಕ್ಕೂ ಬರುತ್ತದೆ. ನೀನು ಕೆಮಿಸ್ಟ್ರಿಯವನು, ನಿನಗೆ ಅರ್ಥವಾಗುತ್ತದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ನೂರಾರು ವರ್ಷ ಕೂತು ಗಟ್ಟಿಯಾಗಿದ್ದ ಮೇಲಿನ ಪದರವನ್ನು ಕಿತ್ತಿತು. ತಾಮ್ರವನ್ನು ಕಾಪಾಡುತ್ತಿದ್ದದ್ದೇ ಆ ಪದರ. ಉಪ್ಪಿನ ಕ್ಲೋರೈಡು ಬರಿಮೈ ತಾಮ್ರಕ್ಕೆ ಸೇರಿ ಕ್ಯುಪ್ರಸ್ ಕ್ಲೋರೈಡ್ ಆಯಿತು. ಗಾಳಿಯ ತೇವ, ಆಮ್ಲಜನಕ ಸಿಕ್ಕಿದ ಕೂಡಲೇ ಅದು ತಿಳಿ ಹಸಿರು ಪುಡಿಯಾಗಿ ಒಡೆಯುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಮತ್ತೆ ತಾಮ್ರ ತಿನ್ನುತ್ತದೆ, ಮತ್ತೆ ಕ್ಲೋರೈಡು, ಮತ್ತೆ ಪುಡಿ. ತಾನಾಗಿ ನಿಲ್ಲುವುದಿಲ್ಲ. ಅಕ್ಷರದ ಅಂಚು ಮೊದಲು ಹೋಗುತ್ತದೆ. ಉಳಿದ ಎರಡು ಹಲಗೆಯ ಹಸಿರು ಗಟ್ಟಿಯಾಗಿ, ಗಾಢವಾಗಿ, ಉಜ್ಜಿದರೂ ಉದುರದಂತೆ ಇದ್ದರೆ ಅದು ರೋಗ ಅಲ್ಲ. ಅದನ್ನು ಮುಟ್ಟಬೇಡಿ.

ಇವತ್ತೇ ಮಾಡಬೇಕಾದದ್ದು: ಬರಿಗೈಯಲ್ಲಿ ಹಿಡಿಯಬೇಡ, ಬೆವರಲ್ಲೂ ಉಪ್ಪಿದೆ. ಮೆದುವಾದ ಒಣ ಬ್ರಷ್‌ನಿಂದ ಪುಡಿಯನ್ನು ಕಾಗದದ ಮೇಲೆ ಕೆಡವು. ನೀರು ಬೇಡ, ನಿಂಬೆ ಬೇಡ, ಪಾತ್ರೆ ತೊಳೆಯುವ ಪುಡಿ ಬೇಡ, ಟೂತ್‌ಪೇಸ್ಟ್ ಬೇಡ, ಕೊಬ್ಬರಿ ಎಣ್ಣೆಯೂ ಬೇಡ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆ ಇಡು. ಒಳಗಿನ ತೇವಾಂಶ 40%ಕ್ಕಿಂತ ಕೆಳಗೆ ಇರಬೇಕು. ನ್ಯೂಸ್‌ಪೇಪರ್ ಸುತ್ತಬೇಡ. ಲ್ಯಾಬಿನಲ್ಲಿ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕ ಹಾಕಿ ರೋಗ ನಿಲ್ಲಿಸುತ್ತೇವೆ, ಅದು ವಿಷ, ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಬಳೆ ಕತ್ತರಿಸುವ ಮಾತು ಬಿಡಿ. ಹಿಂದಿನ ವಿದ್ವಾಂಸರು ಕಾಗದದ ಮೇಲೆ ಅಕ್ಷರಗಳ ಪಡಿಯಚ್ಚು ತೆಗೆಯಲು ಬಳೆ ಕತ್ತರಿಸುತ್ತಿದ್ದರು, "ನನ್ನ ಕೈಗೆ ಬಂದಾಗ ಬಳೆ ತುಂಡಾಗಿರಲಿಲ್ಲ" ಎಂದು ಬರೆದಿಡುತ್ತಿದ್ದರು. ಯಾಕೆಂದರೆ ಬಳೆ ಇಡಿಯಾಗಿದ್ದರೆ ನಡುವೆ ಯಾರೂ ಹಲಗೆ ಬದಲಿಸಿಲ್ಲ ಎಂಬುದಕ್ಕೆ ಸಾಕ್ಷಿ. ಒಮ್ಮೆ ಕೊಯ್ದರೆ ಆ ಸಾಕ್ಷಿ ಹೋಯಿತು. ಈಗ ಹಲಗೆಗಳನ್ನು ಬಳೆಯಲ್ಲೇ ಸ್ವಲ್ಪ ಬಿಡಿಸಿ ಫೋಟೊ ತೆಗೆಯಬಹುದು. ಟಾರ್ಚನ್ನು ಪಕ್ಕದಿಂದ, ಹಲಗೆಗೆ ಓರೆಯಾಗಿ ಹಿಡಿ. ಪಕ್ಕದಲ್ಲಿ ಸ್ಕೇಲ್ ಇಡು.

ಹಂದಿ ಕಂಡಿತೆಂದು ಬಾದಾಮಿ ಚಾಲುಕ್ಯರದ್ದು ಎಂದು ಯಾರಿಗೂ ಹೇಳಬೇಡ. ವರಾಹ ಅವರ ಲಾಂಛನ ನಿಜ, ವಿಜಯನಗರದವರಿಗೂ ವರಾಹವೇ. ಲಿಪಿ ನೋಡಿದರೆ ತಿಳಿಯುತ್ತದೆ: ಹಳೆಯ ಕನ್ನಡ ಲಿಪಿಯೋ, ನಾಗರಿಯ ಒಂದು ರೂಪವಾದ ನಂದಿನಾಗರಿಯೋ. ವಿಜಯನಗರದ ತಾಮ್ರಪಟಗಳು ಬಹುಪಾಲು ನಂದಿನಾಗರಿಯಲ್ಲಿವೆ. ಖೋಟಾ ಇರುವ ಸಾಧ್ಯತೆಯೂ ಇದೆ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಬ್ರಿಟಿಷ್ ಶಾಸನತಜ್ಞ ಫ್ಲೀಟ್ ಖೋಟಾ ಎಂದರು, ಆಮೇಲಿನವರು ಆ ವಾದವನ್ನು ದಶಕಗಟ್ಟಲೆ ಮುಂದುವರಿಸಿದರು. ಖೋಟಾ ಆದರೂ ಬಿಸಾಡಬೇಡಿ. ಜಮೀನಿಗಾಗಿ ಯಾರು, ಯಾವಾಗ ಸುಳ್ಳು ದಾಖಲೆ ಮಾಡಿಸಿದರು ಎಂಬುದೂ ಇತಿಹಾಸವೇ. ಓದಿಸುವುದಕ್ಕೆ ಸರ್ವೇಕ್ಷಣೆಯ ಶಾಸನ ವಿಭಾಗ ಮೈಸೂರಿನಲ್ಲಿದೆ, ಹತ್ತಿರದಲ್ಲಿ ಧಾರವಾಡದ ವಿಭಾಗ ಇದೆ.

ಒಂದು ಮಾತು ನಿಜ ಹೇಳು. ಟ್ರಂಕಿನಲ್ಲೇ ಸಿಕ್ಕಿತೋ, ಅಡಿಪಾಯ ತೋಡುವಾಗ ನೆಲದಲ್ಲೋ?

ಬಿ.ಎಸ್ಸಿ. ವಿದ್ಯಾರ್ಥಿ, ಹಾವೇರಿ ಜಿಲ್ಲೆ: ಟ್ರಂಕಿನ್ಯಾಗ ರಿ ಮೇಡಂ, ದೇವರಾಣಿ. ಅಜ್ಜಾರ ಹೊಲದ ಕಾಗದದ ಗಂಟಿನ ಜೋಡಿ ಇತ್ತು.

ಮೇಡಂ: ಹಾಗಾದರೆ ಮನೆತನದ ಆಸ್ತಿ. ಇಟ್ಟುಕೊಳ್ಳುವುದು ತಪ್ಪಲ್ಲ. ನೆಲದಲ್ಲಿ ಸಿಕ್ಕಿದ್ದರೆ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕಿತ್ತು. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ದು ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಕಾಗದದ ಗಂಟನ್ನೂ ಹಾಗೇ ಇಡು. ಹಲಗೆಯಲ್ಲಿರುವ ಊರಿನ ಹೆಸರು ಅದರಲ್ಲೂ ಇದ್ದರೆ ಅದು ದೊಡ್ಡ ವಿಷಯ.

ಸದಸ್ಯ, ಚಿತ್ರದುರ್ಗ: ತಾಮ್ರಪಟದಲ್ಲಿ ನಿಧಿ ಇರೋ ಜಾಗ ಗುಟ್ಟಾಗಿ ಬರೆದಿರ್ತಾರೆ. ಹುಡುಗ ನನಗೆ ಖಾಸಗಿ ಮೆಸೇಜ್ ಮಾಡಲಿ, ಓದುವವರು ಗೊತ್ತಿದ್ದಾರೆ.

ಮೇಡಂ: ಮಾಡಬೇಡ ತಮ್ಮಾ. ತಾಮ್ರಪಟದಲ್ಲಿ ಇರುವುದು ಭೂದಾನ. ಯಾರು ಕೊಟ್ಟರು, ಯಾರಿಗೆ, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಮರ ಎಂಬ ಗಡಿ. ಕೊನೆಗೆ, ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ. ಈ ಗಡಿಯ ವಿವರವನ್ನೇ ನಿಧಿಯ ದಾರಿ ಎಂದು ನಂಬಿಸಿ ವೀರಗಲ್ಲು, ಲಿಂಗ, ನಂದಿ ಎಲ್ಲವನ್ನೂ ಬುಡಸಮೇತ ಕಿತ್ತವರನ್ನು ನೋಡಿದ್ದೇನೆ. ಅಡ್ಮಿನ್, ಇಂಥ ಮಾತು ಇಲ್ಲಿ ಇರಬಾರದು.

ನಿವೃತ್ತ ಶಿಕ್ಷಕರು, ಶಿವಮೊಗ್ಗ: ಮೇಡಂ ಹೇಳಿದ್ದು ಸರಿ. ಆದರೆ ಹುಡುಗಾ, ಇಲಾಖೆಗೆ ಮಾತ್ರ ಕೊಡಬೇಡಪ್ಪ. ಗೋದಾಮಿನಲ್ಲಿ ಮೂಲೆ ಸೇರುತ್ತದೆ. ನಿಮ್ಮ ಅಜ್ಜ ಕಾಪಾಡಿದ್ದು ನಿಮ್ಮ ಮನೆಯಲ್ಲೇ ಇರಲಿ.

ಪ್ರವಾಸಿ ಮಾರ್ಗದರ್ಶಿ, ಹೊಸಪೇಟೆ: ಮೇಷ್ಟ್ರೇ, ಮನೆಯಲ್ಲೇ ಇದ್ದದ್ದಕ್ಕೆ ತಾನೇ ಹುಣಸೆಹಣ್ಣು ಬಿದ್ದದ್ದು?

ನಿವೃತ್ತ ಶಿಕ್ಷಕರು, ಶಿವಮೊಗ್ಗ: ಹಲ್ಮಿಡಿ ಶಾಸನ ನೋಡಿ. ಮೂಲ ಕಲ್ಲನ್ನು ಇಲಾಖೆ ಒಯ್ದಿತು, ಊರಿನವರಿಗೆ ಉಳಿದದ್ದು ಪ್ರತಿಕೃತಿ.

ಪ್ರವಾಸಿ ಮಾರ್ಗದರ್ಶಿ, ಹೊಸಪೇಟೆ: 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಗುರುತಿಸಿ ಓದದಿದ್ದರೆ ಆ ಊರಿನ ಹೆಸರೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಂಪಿ ಸುತ್ತ ಹೊಲದಲ್ಲಿದ್ದ ಎಷ್ಟೋ ಕಲ್ಲು ಮೆಟ್ಟಿಲಾಗಿದ್ದನ್ನು ನಾನು ದಿನಾ ನೋಡ್ತೀನಿ.

ನಿವೃತ್ತ ಶಿಕ್ಷಕರು, ಶಿವಮೊಗ್ಗ: ನೀವು ದಿನಾ ನೋಡಿಯೂ ಸುಮ್ಮನಿದ್ದೀರಲ್ಲ.

ಪ್ರವಾಸಿ ಮಾರ್ಗದರ್ಶಿ, ಹೊಸಪೇಟೆ: ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡ್ತಿದ್ದೀನಿ. ಎರಡು ಸಲ ಲಿಖಿತ ದೂರು ಕೊಟ್ಟಿದ್ದೀನಿ.

ಗೃಹಿಣಿ, ಉಡುಪಿ: ನನಗೆ 44. ಮಕ್ಕಳು ದೊಡ್ಡವರಾದರು. ಈಗ ಮ್ಯೂಸಿಯಾಲಜಿ ಸೇರಬಹುದಾ ಮೇಡಂ?

ಬಿ.ಕಾಂ. ವಿದ್ಯಾರ್ಥಿ, ಬೆಂಗಳೂರು: ಸಂಬಳ ಎಷ್ಟು ಬರುತ್ತೆ? ಕೆಲಸ ಗ್ಯಾರಂಟಿನಾ?

ಮೇಡಂ: ಕೆಲಸದ ಬಗ್ಗೆ ಮೇಲೆ ಹೇಳಿದ್ದೇನೆ.

ಪದವೀಧರೆ, ಕಲಬುರಗಿ: ದೂರಶಿಕ್ಷಣದಲ್ಲಿ ಮಾಡಬಹುದಾ?

ಮೇಡಂ: ಇತಿಹಾಸ ಓದಬಹುದು. ಕರಣೆ ಹಿಡಿದು ಗುಂಡಿಯೊಳಗೆ ಕೂರದೆ, ಮಣ್ಣಿನ ಪದರ ಬದಲಾದದ್ದನ್ನು ಕಣ್ಣಿಂದ ಕಾಣದೆ ಪುರಾತತ್ವ ಕಲಿಯಲಾಗದು. ನೀವು ಕಲಬುರಗಿಯವರು, ಸನ್ನತಿ ಕನಗನಹಳ್ಳಿ ನಿಮ್ಮ ಜಿಲ್ಲೆಯಲ್ಲೇ ಇದೆ. "ರಾಯೋ ಅಸೋಕೋ" ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕ ಜಾಗ. ಹೋಗಿ ನೋಡಿಕೊಂಡು ಬಂದು ಆಮೇಲೆ ನಿರ್ಧರಿಸಿ.

ಎಂ.ಎ. ಮುಗಿಸಿದವರು, ಧಾರವಾಡ: ಶಾಸನ ಓದಾಕ ಕಲೀಬೇಕಂದ್ರ ಧಾರವಾಡಕ್ಕ ಬರ್ರಿ. 1939ರಾಗ ಕನ್ನಡ ಸಂಶೋಧನಾ ಸಂಸ್ಥೆ ಶುರುವಾದದ್ದು ಇಲ್ಲೇ.

ಎಂ.ಎ. ಮುಗಿಸಿದವರು, ಮೈಸೂರು: ಮೈಸೂರಲ್ಲಿ 1885ರಲ್ಲೇ ಪುರಾತತ್ವ ಇಲಾಖೆ ಇತ್ತು. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳು, ಎಪಿಗ್ರಾಫಿಯಾ ಕರ್ನಾಟಿಕಾ, ಇಲ್ಲದೆ ನೀವು ಯಾವ ಶಾಸನ ಓದ್ತೀರಿ?

ಎಂ.ಎ. ಮುಗಿಸಿದವರು, ಧಾರವಾಡ: ಅದರಾಗ ನಮ್ಮ ಕಡೆ ಶಾಸನ ಎಲ್ಲಿ ಅದಾವ್ರಿ? ರೈಸ್ ಅವರು ಮೈಸೂರು ಸಂಸ್ಥಾನ, ಕೊಡಗು ಬಿಟ್ಟು ಈ ಕಡೆ ಬಂದಿಲ್ಲ.

ಎಂ.ಎ. ಮುಗಿಸಿದವರು, ಮೈಸೂರು: ಸೀಟು ಸಿಗದೆ ಅಲ್ಲಿಗೆ ಹೋದವರು ಹೀಗೇ ಮಾತಾಡೋದು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಕೊನೆಯ ಮಾತು ಬೇಕಿರಲಿಲ್ಲ.

ಶಾಸನಾಸಕ್ತರು, ಹಾಸನ: ಮೇಡಂ, ನಾವು ಭಾನುವಾರ ಶಾಸನ ಹುಡುಕಲು ಹೋಗ್ತೀವಿ. ಕಲ್ಲಿಗೆ ಮೈದಾ ಹಿಟ್ಟು ಸವರಿದರೆ ಅಕ್ಷರ ಚೆನ್ನಾಗಿ ಬರುತ್ತೆ. ವಿದ್ಯಾರ್ಥಿಗಳಿಗೂ ಇದನ್ನೇ ಕಲಿಸಬಹುದಲ್ಲ? ಗುಂಪಲ್ಲಿ ವಿಡಿಯೊ ಫಾರ್ವರ್ಡ್ ಆಗಿದೆ.

ಮೇಡಂ: ಕಲಿಸಬೇಡಿ. ಹಿಟ್ಟು ಕಲ್ಲಿನ ಸಣ್ಣ ರಂಧ್ರದಲ್ಲಿ ಉಳಿಯುತ್ತದೆ. ಮಳೆಗೆ ಅಂಟಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಇರುವೆ ಬರುತ್ತದೆ. ಮುಂದಿನ ವರ್ಷ ಇನ್ನೊಬ್ಬರು ಬಂದು ತಂತಿ ಬ್ರಷ್‌ನಲ್ಲಿ ಉಜ್ಜುತ್ತಾರೆ. ಬಣ್ಣದ ಪೇಂಟ್ ತುಂಬುವವರೂ ಇದ್ದಾರೆ, ತಪ್ಪು ಅಕ್ಷರಕ್ಕೆ ತುಂಬಿದರೆ ಮುಂದೆ ಎಲ್ಲರೂ ಅದನ್ನೇ ಓದುತ್ತಾರೆ. ಕತ್ತಲಾದ ಮೇಲೆ ಟಾರ್ಚನ್ನು ಓರೆಯಾಗಿ ಬಿಡಿ, ಮೈದಾಗಿಂತ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ, ಕಲ್ಲಿಗೆ ಒಂದು ಚಿಟಿಕೆ ಹಿಟ್ಟೂ ತಾಗಿಸದೆ.

ಶಾಸನಾಸಕ್ತರು, ಹಾಸನ: ಹತ್ತು ವರ್ಷದಿಂದ ಮಾಡ್ತಿದ್ದೀವಿ, ಒಂದು ಕಲ್ಲಿಗೂ ಏನೂ ಆಗಿಲ್ಲ. ನಾವು ಹೋಗದಿದ್ದರೆ ಆ ಶಾಸನಗಳನ್ನು ಕೇಳೋರೇ ಇರಲಿಲ್ಲ.

ಮೇಡಂ: ನೀವು ಹೋಗಿದ್ದು ಒಳ್ಳೆಯದು. ಹಿಟ್ಟು ಹಚ್ಚಿದ್ದು ಕೆಟ್ಟದ್ದು. ಎರಡೂ ನಿಜ.

ಸದಸ್ಯೆ, ಮಂಡ್ಯ: ತಾಳೆಗರಿಗೆ ಸೀಮೆಎಣ್ಣೆ ಹಚ್ಚಿದರೆ ಹುಳು ಬರಲ್ಲ ಅಂತ ಫಾರ್ವರ್ಡ್ ಬಂದಿದೆ, ನಿಜವಾ?

ಮೇಡಂ: ಇಲ್ಲ. ಹಚ್ಚಬೇಡಿ. ದಯವಿಟ್ಟು ಇನ್ನು ಯಾರೂ ಫಾರ್ವರ್ಡ್ ತಂದು ಹಾಕಬೇಡಿ. ಅದನ್ನು ಬರೆದವರ ಕೈಯಲ್ಲಿ ಒಂದು ಗರಿಯೂ ಇರುವುದಿಲ್ಲ, ಕೇಳಿದವರ ಮನೆಯ ಗರಿ ಹೋಗುತ್ತದೆ.

ಎಂಜಿನಿಯರ್, ಡಬ್ಲಿನ್: ಹೊರದೇಶದಲ್ಲಿ ಹೆರಿಟೇಜ್ ಮ್ಯಾನೇಜ್‌ಮೆಂಟ್ ಓದಿದರೆ ಇಲ್ಲಿಗೆ ಬಂದು ಉಪಯೋಗ ಇದೆಯಾ ಮೇಡಂ?

ಪದವೀಧರ, ವಿಜಯಪುರ: ಕೆಲಸ ಸಿಗುತ್ತೇನ್ರಿ ಮೇಡಂ?

ಮೇಡಂ: ಮೇಲೆ ಓದಿ.

ಬಿ.ಎ. ವಿದ್ಯಾರ್ಥಿ, ಕೊಪ್ಪಳ: ಇಂಗ್ಲಿಷ್ ಅಷ್ಟು ಬರಲ್ಲ. ಆಗುತ್ತಾ?

ಮೇಡಂ: ಆಗುತ್ತದೆ. ಹಂಪಿಯಲ್ಲಿ ಕನ್ನಡದಲ್ಲೇ ಪಿಎಚ್.ಡಿ. ಬರೆಯಬಹುದು. ಹಳಗನ್ನಡ ಬಂದರೆ ಇಂಗ್ಲಿಷ್ ಬಲ್ಲವರಿಗೂ ಇಲ್ಲದ ಶಕ್ತಿ ನಿಮಗಿರುತ್ತದೆ. ಅಗೆತದ ವರದಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ಹಾಗಾಗಿ ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿಯಲೇಬೇಕು. 1947ರಲ್ಲಿ ಪುರಾತತ್ವಜ್ಞ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ ವರದಿಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಎರಡು ಪುಟ ಓದಿ. ನಿಮ್ಮ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳನ್ನು, ಅಂದರೆ ಪ್ರಾಚೀನ ಕಲ್ಲುಸಮಾಧಿಗಳನ್ನು, ನೋಡಿದ್ದೀರಾ? ಇಲ್ಲವಾದರೆ ಮೊದಲು ಅಲ್ಲಿಗೆ.

ಹಾವೇರಿಯ ತಮ್ಮಾ, ನಿನ್ನ ಸೀಟಿನ ಮಾತು ಬಾಕಿ ಇತ್ತು. ಕೆಮಿಸ್ಟ್ರಿ ಓದಿದ್ದಕ್ಕೆ ಹಿಂಜರಿಯಬೇಡ. ಸಂರಕ್ಷಣೆಯ ಎಂ.ಎ.ಗೆ ವಿಜ್ಞಾನದವರನ್ನು ತೆಗೆದುಕೊಳ್ಳುತ್ತಾರೆ. ಸರ್ವೇಕ್ಷಣೆಯ ವಿಜ್ಞಾನ ಶಾಖೆ ಡೆಹ್ರಾಡೂನ್‌ನಲ್ಲಿದೆ, ಅಲ್ಲಿ ಕೆಲಸ ಮಾಡುವವರು ರಸಾಯನಶಾಸ್ತ್ರಜ್ಞರೇ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ. ಇತಿಹಾಸ ಓದಿದವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಹಸಿರು ಪುಡಿ ನೋಡಿ "ಇದೇನು" ಎಂದು ಕೇಳಿದವರು ಕಡಿಮೆ. ನೀನು ಕೇಳಿದೆ, ಅದಕ್ಕೇ ಇಷ್ಟು ಬರೆದೆ.

ಬಿ.ಎಸ್ಸಿ. ವಿದ್ಯಾರ್ಥಿ, ಹಾವೇರಿ ಜಿಲ್ಲೆ: ಭಾಳ ಉಪಕಾರ ಆತ್ರಿ ಮೇಡಂ. ಕಾಕಾಗ ಎಲ್ಲಾ ಓದಿ ಹೇಳಿದೆ. ತೊಳ್ಯಾಂಗಿಲ್ಲ ಅಂದ್ರು, ಬಳಿ ವಿಚಾರ ನೋಡೂಣು ಅಂದ್ರು. ಡಬ್ಬಿ ಸಿಕ್ತು, ಸಿಲಿಕಾ ಜೆಲ್ ನಮ್ಮೂರಾಗ ಸಿಗವಲ್ದು. ಅಕ್ಕಿ ಹಾಕಿದ್ರ ನಡೀತೈತೇನ್ರಿ? ಮೊಬೈಲ್ ನೀರಾಗ ಬಿದ್ರ ಅಕ್ಕಿಯೊಳಗ ಇಡ್ತಾರಲ್ರಿ.

ಮೇಡಂ: ಅಕ್ಕಿ ಬೇಡ, ಅಷ್ಟು ತೇವ ಎಳೆಯುವುದಿಲ್ಲ, ಹುಳುವೂ ಬರುತ್ತದೆ. ನಿಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ವಸ್ತುಗಳನ್ನು ಒಣಗಿಸಿಡುವ ಪಾತ್ರೆ, ಡೆಸಿಕೇಟರ್, ಇರುತ್ತದೆ, ಅದರ ತಳದಲ್ಲಿ ಇರುವುದು ಹೆಚ್ಚಾಗಿ ಸಿಲಿಕಾ ಜೆಲ್ಲೇ. ನಾಳೆ ಬೆಳಿಗ್ಗೆ ಲ್ಯಾಬ್ ಅಸಿಸ್ಟೆಂಟನ್ನು ಕೇಳು. ಹರಳು ನೀಲಿ ಇದ್ದರೆ ಹಾಗೇ ಬಳಸು, ಗುಲಾಬಿಯಾಗಿದ್ದರೆ ಲ್ಯಾಬಿನ ಓವನ್‌ನಲ್ಲಿ 110 ಡಿಗ್ರಿಗೆ ಒಣಗಿಸಿಕೋ, ಮತ್ತೆ ನೀಲಿಯಾಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಇಡು, ಹಲಗೆಗೆ ತಾಗದಿರಲಿ. ಕಾಕಾ ಬಳೆಯ ವಿಚಾರ "ನೋಡೋಣ" ಎಂದಿದ್ದಾರಲ್ಲ, ಅಲ್ಲಿಯವರೆಗೆ ಡಬ್ಬಿ ನಿನ್ನ ಕಪಾಟಿನಲ್ಲೇ ಇರಲಿ.