ಮೊದಲ ಎಲೆಕ್ಟ್ರಿಕ್ ಮ್ಯಾಂಡೊಲಿನ್: ಯಾವುದು ತಗೊಳ್ಳಲಿ, ಆಮೇಲೆ ಏನು ಬದಲಾಯಿಸಲಿ?

ವೀಣೆ_ಬಿಟ್ಟವನು:
ನಾಲ್ಕು ವರ್ಷ ವೀಣೆ ಕಲಿತಿದ್ದೇನೆ, ವರ್ಣದವರೆಗೆ ಬಂದಿದೆ. ಈಗ ಕೆಲಸಕ್ಕಾಗಿ ಊರೂರು ತಿರುಗಾಟ, ವೀಣೆ ಹೊತ್ತುಕೊಂಡು ಓಡಾಡುವುದು ಆಗದ ಮಾತು. ಅದಕ್ಕೇ ಮ್ಯಾಂಡೊಲಿನ್ ಮೇಲೆ ಕಣ್ಣು. ಕೈಯಲ್ಲಿರುವುದು 15 ಸಾವಿರ. ಅಂಗಡಿಯಲ್ಲಿ ಎರಡು ನೋಡಿದೆ. ಒಂದು ಮಾಮೂಲಿ ಎಂಟು ತಂತಿಯದು (ನಾಲ್ಕು ಜೋಡಿ), ಒಳಗೆ ಪಿಕಪ್ ಕೂರಿಸಿದ್ದಾರೆ, ಅಂದರೆ ತಂತಿಯ ಅದುರನ್ನು ಕರೆಂಟಾಗಿಸಿ ಆಂಪ್ಲಿಫೈಯರಿಗೆ ಕಳಿಸುವ ಭಾಗ. ಇನ್ನೊಂದು ಗಟ್ಟಿ ಮರದ್ದು, ನಾಲ್ಕೇ ತಂತಿ, ಗಿಟಾರಿನ ಮರಿ ಥರ ಇದೆ. ಎಂಟು ತಂತಿಯದರ ನಾದ ಚೆನ್ನಾಗಿತ್ತು, ಆದರೆ ಗಮಕಕ್ಕೆ ಎಳೆಯಲು ಹೋದರೆ ಬೆರಳು ಕುಯ್ದ ಹಾಗಾಯಿತು. ಯಾವುದು ತಗೊಳ್ಳಲಿ? ಪಿಕಪ್ ಈಗಲೇ ಬದಲಾಯಿಸಬೇಕಾ?

ತಂತಿಮನೆ:
ಕರ್ನಾಟಕ ಸಂಗೀತಕ್ಕಾದರೆ ಒಂಟಿ ತಂತಿಯದೇ ಸರಿ. ಜೋಡಿ ತಂತಿಯನ್ನು ಪಕ್ಕಕ್ಕೆ ಎಳೆದಾಗ ಎರಡೂ ಒಂದೇ ಅಳತೆಗೆ ಏರಬೇಕಲ್ವಾ, ಏರುವುದಿಲ್ಲ, ಶ್ರುತಿ ಒಡೆಯುತ್ತದೆ. ಮ್ಯಾಂಡೊಲಿನ್ ವಿದ್ವಾಂಸ ಯು. ಶ್ರೀನಿವಾಸ್ ಜೋಡಿಗಳನ್ನು ಬಿಟ್ಟು ಐದು ಒಂಟಿ ತಂತಿ ಹಾಕಿಕೊಂಡಿದ್ದು ಸುಮ್ನೆ ಅಲ್ಲ. ನಾಲ್ಕು ತಂತಿಯದರಲ್ಲಿ ಮಂದ್ರ ಸ್ವಲ್ಪ ಕಡಿಮೆ ಬೀಳುತ್ತದೆ, ಕಲಿಯುವಾಗ ಅಡ್ಡಿಯಿಲ್ಲ.

ಶ್ರುತಿಯ ಬಗ್ಗೆ ಒಂದು ಮಾತು. ಅಂಗಡಿಯವರು ಜಿ-ಡಿ-ಎ-ಇ ಮಾಡಿ ಕೊಡುತ್ತಾರೆ. ಕೊನೆಯ ಎರಡು ತಂತಿಗಳನ್ನು ಒಂದೊಂದು ಪೂರ್ತಿ ಸ್ವರ (ಎರಡು ಮೆಟ್ಟಿಲಷ್ಟು) ಇಳಿಸಿ, ಜಿ-ಡಿ-ಜಿ-ಡಿ ಆಗುತ್ತದೆ. ಅಂದರೆ ಐದು ಮನೆ ಶ್ರುತಿಯಲ್ಲಿ (ಜಿಯನ್ನೇ ಸ ಅಂತ ಇಟ್ಟುಕೊಂಡರೆ) ಸ-ಪ-ಸ-ಪ, ವೀಣೆಯ ಲೆಕ್ಕವೇ. ತಂತಿಯೂ ಸಡಿಲವಾಗುತ್ತದೆ, ಎಳೆಯುವುದು ಸಲೀಸು.

ಬೆಸುಗೆ_ಭಟ್ಟ:
ಪಿಕಪ್ಪಿಗೆ ದುಡ್ಡು ಹಾಕಬೇಡಿ ಮಾರಾಯರೇ, ಆ ತಪ್ಪು ನಾನು ಮಾಡಿ ಆಗಿದೆ. ಅಗ್ಗದ್ದೊಂದು ತಂದೆ, ನಾದ ಸಪ್ಪೆ ಅನಿಸಿತು, ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿ ಪಾಟ್ (ವಾಲ್ಯೂಮ್ ತಿರುಗಿಸುವ ಭಾಗ), ಜ್ಯಾಕ್ (ಕೇಬಲ್ ಚುಚ್ಚುವ ತೂತು) ತಂದು, ಹೊಸ ಪಿಕಪ್ ಬೆಸುಗೆ ಹಾಕಿದೆ. ಆದರೂ ಸಪ್ಪೆಯೇ. ಕೊನೆಗೆ ನೋಡಿದರೆ ಅಂಗಡಿಯವನು ಹಾಕಿಕೊಟ್ಟಿದ್ದು ಕಂಚಿನ ಸುತ್ತಿನ ತಂತಿ! ಮ್ಯಾಗ್ನೆಟಿಕ್ ಪಿಕಪ್ಪಿಗೆ ಕಬ್ಬಿಣ, ನಿಕ್ಕಲ್ ಬೇಕು. ಕಂಚು ಅದಕ್ಕೆ ಸರಿಯಾಗಿ ಕೇಳಿಸುವುದೇ ಇಲ್ಲ, ಒಳಗಿನ ಉಕ್ಕಿನ ಎಳೆಯಷ್ಟೇ ಕೆಲಸ ಮಾಡುವುದು. ಎಲೆಕ್ಟ್ರಿಕ್ ಗಿಟಾರಿನ 10–46 ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಒಂದು ತಗೊಂಡು ಅದರಲ್ಲಿ 10, 13, 26, 36 ಹಾಕಿದೆ, ಜೀವ ಬಂತು. ಆದರೆ ತಂತಿಯ ತುದಿ ನೋಡಿಕೊಳ್ಳಿ: ಗಿಟಾರ್ ತಂತಿಗೆ ಗುಂಡು ಇರುತ್ತದೆ, ಕೆಲವು ಮ್ಯಾಂಡೊಲಿನ್ನಿಗೆ ಕುಣಿಕೆಯೇ ಬೇಕು.

ದುಡ್ಡು ಹಾಕುವುದಾದರೆ ಮೊದಲು ನಟ್ಟಿಗೆ ಹಾಕಿ. ಬಿರಡೆಗಳ ಪಕ್ಕ ತಂತಿ ಕೂರುವ ಪಟ್ಟಿ ಅದು. ಅಗ್ಗದವುಗಳಲ್ಲಿ ಅದರ ಕಚ್ಚು ಆಳವಿಲ್ಲದೆ ತಂತಿ ಎತ್ತರದಲ್ಲೇ ಉಳಿದಿರುತ್ತದೆ. ಮೂರನೇ ಮೆಟ್ಟಿಲ (ಫ್ರೆಟ್) ಮೇಲೆ ತಂತಿ ಒತ್ತಿ, ಮೊದಲ ಮೆಟ್ಟಿಲ ಮೇಲೆ ಕೂದಲೆಳೆಯಷ್ಟು ಜಾಗ ಇದ್ದರೆ ಸಾಕು. ಜಾಸ್ತಿ ಇದ್ದರೆ ಗಿಟಾರ್ ರಿಪೇರಿಯವರ ಹತ್ತಿರ ಅರದಿಂದ ಉಜ್ಜಿಸಿ. ನೀವೇ ಉಜ್ಜಬೇಡಿ, ಒಂದು ಗೀರು ಜಾಸ್ತಿಯಾದರೆ ಪಟ್ಟಿಯೇ ಹೊಸದು ಬೇಕು.

ವೀಣೆ_ಬಿಟ್ಟವನು:
ನಾಲ್ಕು ತಂತಿಯದೇ ತಗೊಂಡೆ. ಮನೆಗೆ ತಂದು ಮಾಯಾಮಾಳವಗೌಳದಲ್ಲಿ ಸರಳೆ ಶುರು ಮಾಡಿದರೆ ರಿಷಭವೇ ಮೇಲೆ ಹತ್ತಿ ಕೂತಿತ್ತು! ಶುದ್ಧ ರಿಷಭ ಮೊದಲ ಮೆಟ್ಟಿಲಲ್ಲೇ ಬರುವುದು ನೋಡಿ, ನೀವು ಹೇಳಿದ ನಟ್ಟಿನ ಕಥೆ ಅದೇ. ಮೊದಲು ನನ್ನ ಕೈ ಸರಿಯಿಲ್ಲ ಅಂದುಕೊಂಡಿದ್ದೆ. ಉಜ್ಜಿಸಿದ ಮೇಲೆ ಸರಿಹೋಯಿತು. ಆದರೆ ತಾರಸ್ಥಾಯಿ ಇನ್ನೂ ಏರಿದೆ, ಮತ್ತೆ ಹಮ್ (ಗುಂಯ್ ಅನ್ನುವ ಸದ್ದು) ಬರುತ್ತಿದೆ.

ಬೆಸುಗೆ_ಭಟ್ಟ:
12ನೇ ಮೆಟ್ಟಿಲ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿ, ಆಮೇಲೆ ಒತ್ತಿ ಮೀಟಿ. ಒತ್ತಿದ್ದು ಏರಿದ್ದರೆ ಬ್ರಿಡ್ಜನ್ನು (ವೀಣೆಯ ಕುದುರೆ ಥರದ್ದು) ಹಿಂದಕ್ಕೆ, ನಟ್ಟಿನಿಂದ ದೂರಕ್ಕೆ ಸರಿಸಿ. ಹಮ್ ತಂತಿ ಮುಟ್ಟಿದ ಕೂಡಲೇ ಕಡಿಮೆಯಾದರೆ ಗ್ರೌಂಡ್ ತಂತಿ ಸರಿಯಾಗೇ ಇದೆ ಅಂತ. ಪಿಕಪ್ ಗುಂಡಿಯೊಳಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡಿಗೆ ಸೇರಿಸಿದರೆ ಹಮ್ ಕಡಿಮೆಯಾಗಬಹುದು. ಟ್ಯೂಬ್‌ಲೈಟ್ ಆರಿಸಿ ಒಮ್ಮೆ ಕೇಳಿ ನೋಡಿ.

ತಂತಿಮನೆ:
ಆಂಪ್ ಕೊಳ್ಳುವ ಮೊದಲು ಕೀಬೋರ್ಡ್ ಆಂಪ್ ಯಾರ ಹತ್ತಿರವಾದರೂ ಇದ್ದರೆ ಅದರಲ್ಲಿ ನುಡಿಸಿ ನೋಡಿ. ಗಿಟಾರ್ ಆಂಪಿನ ಡಿಸ್ಟಾರ್ಷನ್ (ಸದ್ದು ಒರಟಾಗಿಸುವ) ಗುಂಡಿ ಮುಟ್ಟಬೇಡಿ, ಕಂಪಿತ, ಅಂದರೆ ಸ್ವರ ಅಲುಗಿಸುವ ಗಮಕ, ಕಲಸುಮೇಲೋಗರ ಆಗುತ್ತದೆ.

ವೀಣೆ_ಬಿಟ್ಟವನು:
ಟ್ಯೂಬ್‌ಲೈಟೇ ಆಗಿತ್ತು. ಈಗ ಕತ್ತಲಲ್ಲಿ ಕೂತು ನುಡಿಸುತ್ತಿದ್ದೇನೆ, ಅಮ್ಮ ಬೈಯುತ್ತಿದ್ದಾರೆ.