ಪದಚರ್ಚೆ: 'ಸರ್ವರ್-ಸೈಡ್ ಫ್ರೇಮ್‌ವರ್ಕ್', 'ಸ್ಕ್ಯಾಫೋಲ್ಡ್' (ಸಂಜೆಯೊಳಗೆ ಬೇಕು)

ಗೆಳೆಯರೇ, ಪಾಲಿಟೆಕ್ನಿಕ್ ಮಕ್ಕಳಿಗೆ ಎರಡು ದಿನದ ಕಮ್ಮಟ ಇದೆ. ಬೇಗ ವೆಬ್ ಆ್ಯಪ್ ಕಟ್ಟಲು ಲಾರಾವೆಲ್ಲೋ, ರೈಲ್ಸೋ, ಜಾಂಗೋವೋ ಅನ್ನೋದು ವಿಷಯ. ಮೂರೂ ಸರ್ವರ್-ಸೈಡ್ ಫ್ರೇಮ್‌ವರ್ಕ್, ಅಂದ್ರೆ ಪುಟ ಕಳಿಸಿಕೊಡೋ ಗಣಕದಲ್ಲಿ (ಸರ್ವರ್) ಓಡುವ, ಆ್ಯಪಿಗೆ ಬೇಕಾದ ಸಿದ್ಧ ಕೋಡಿನ ಹಂದರ. ಬ್ಯಾನರು ಸಂಜೆ ಅಚ್ಚಿಗೆ. 'ಪೂರೈಕೆಗಣಕದ ಬದಿಯ ಚೌಕಟ್ಟು' ಅಂತ ಬರೆದೆ, ನನಗೇ ನಗು ಬಂತು. ರೈಲ್ಸಿನ 'ಸ್ಕ್ಯಾಫೋಲ್ಡ್'ಗೂ ಪದ ಬೇಕು. ಒಂದೇ ಆಜ್ಞೆಗೆ ಮಾಡೆಲ್ಲು (ಯಾವ ಮಾಹಿತಿ ಇಡಬೇಕು ಅಂತ ಹೇಳೋ ಕೋಡು), ಫಾರಮ್ಮು, ಪಟ್ಟಿಯ ಪುಟ ಎಲ್ಲ ಹುಟ್ಟಿಸಿಕೊಡುತ್ತಲ್ಲ, ಅದು.

ಮರು:
ಬದಿ ಯಾಕೆ, ರಸ್ತೆ ಬದಿಯೇ? ಸಪ್ತಮಿ ಇರೋದು ಯಾತಕ್ಕೆ? 'ಸರ್ವರಿನಲ್ಲಿ ಓಡುವ'. ಮುಗೀತು.

ಮರು:
'ಸರ್ವರ್' ಹಾಗೇ ಬಿಟ್ಟು ಮುಗೀತು ಅಂದ್ರೆ? ಊಳಿಗ ಅನ್ನೋ ಪದ ಸತ್ತಿದೆಯೇ? 'ಊಳಿಗಣಕ' ಅನ್ನಿ. 'ಪೂರೈಕೆ'ಯ ಪೂರವೂ ಸಂಸ್ಕೃತ. ಚೌಕಟ್ಟಿನ ಕೊನೆಯ 'ಕಟ್ಟು' ನೋಡಿ ಮೋಸ ಹೋಗಬೇಡಿ, ಅದು ಮರಾಠಿ ಚೌಕಟ್, ಹಿಂದಿ ಚೌಖಟ್ ಬಳಗದ್ದು.

ಮರು:
> 'ಊಳಿಗಣಕ' ಅನ್ನಿ
ಅದರೊಳಗಿನ ಗಣಕ ಎಲ್ಲಿಯದು ಸ್ವಾಮಿ?
ಮೊದಲು ಅರ್ಥ ನೋಡಿ. ಲೈಬ್ರರಿಯನ್ನು, ಅಂದ್ರೆ ಬೇರೆಯವರು ಬರೆದಿಟ್ಟ ಕೋಡಿನ ಕಟ್ಟನ್ನು, ನಮ್ಮ ಕೋಡು ಕರೆಯುತ್ತೆ. ಫ್ರೇಮ್‌ವರ್ಕು ನಮ್ಮ ಕೋಡನ್ನು ಕರೆಯುತ್ತೆ. ಫೋಟೋಗೆ ಹಾಕಿಸೋ ಚೌಕಟ್ಟು ಯಾರನ್ನೂ ಕರೆಯೋದಿಲ್ಲ. ಅಂದ ಹಾಗೆ ಕಮ್ಮಟಕ್ಕೆ ಜಾಂಗೋ ಹಿಡೀರಿ. ಅಮೆರಿಕದ ಕಾನ್ಸಾಸಿನಲ್ಲಿ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯಲ್ಲಿ ಬೆಳೆದು 2005ರಲ್ಲಿ ಹೊರಬಂದದ್ದು, ಸುದ್ದಿಮನೆಯ ಗಡುವು ಗೊತ್ತಿದ್ದವರ ಕೆಲಸ. ಮಾಡೆಲ್ ಬರೆದು ನೋಂದಾಯಿಸಿದರೆ ಮಾಹಿತಿ ಸೇರಿಸಿ ತಿದ್ದೋ ಅಡ್ಮಿನ್ ಪುಟ ಎದುರಿಗೆ ಬಂದು ಕೂತಿರುತ್ತೆ.

ಮರು:
ಸ್ಕ್ಯಾಫೋಲ್ಡಿಗೆ ಗಾರೆಯವರನ್ನು ಕೇಳಿ: ಸಾರುವೆ. ನಮ್ಮ ಮನೆಗೆ ಸರ್ವೆ ಮರ ನೆಟ್ಟು, ಅಡ್ಡಕ್ಕೆ ಬೊಂಬು ಬಿಗಿದು, ಹಲಗೆ ಮೇಲೆ ನಿಂತು ಗಾರೆ ಮೆತ್ತಿದ್ದರು. ಸರ್ವೆಯಿಂದಲೇ ಸಾರುವೆ ಬಂದಿರಬೇಕು.

ಮರು:
ಬಂದಿಲ್ಲ. ಸದ್ದು ಹೊಂದಿತು ಅಂತ ನೆಂಟಸ್ತನ ಕಟ್ಟಬೇಡಿ. ಮತ್ತೆ, ಸಾರುವೆ ಕೆಲಸ ಮುಗಿದ ಮೇಲೆ ಬಿಚ್ಚೋದು. ರೈಲ್ಸಿನದ್ದನ್ನು ತಿದ್ದಿ ಹಾಗೇ ಉಳಿಸಿಕೊಳ್ತಾರೆ.

ಮರು:
ಆ ಜಗಳ 'ಸ್ಕ್ಯಾಫೋಲ್ಡ್' ಅಂತ ಹೆಸರಿಟ್ಟವರ ಹತ್ತಿರ ಆಡಿ. ಸಾರುವೆ ಚೆನ್ನಾಗಿದೆ.

ಮರು:
ಹೀಗೇ ಸರ್ವರ್, ಕೋಡ್, ಮಾಡೆಲ್ ಅಂತ ಬಿಡ್ತಾ ಹೋದರೆ ಕನ್ನಡಕ್ಕೆ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ.

ಮರು:
ಬಸ್ಸಿನಲ್ಲಿ ಬಂದು, ಕಚೇರಿಯಲ್ಲಿ ಕೂತು, ಕಾಗದದ ಮೇಲೆ ಇದನ್ನೇ ಬರೀತಿದ್ದೀರಿ. ಕಾಗದ ಪಾರಸಿ.

ಮರು:
ಎಲ್ಲರಿಗೂ ಥ್ಯಾಂಕ್ಸ್. ಬ್ಯಾನರಿಗೆ 'ಸರ್ವರಿನಲ್ಲಿ ಓಡುವ ಫ್ರೇಮ್‌ವರ್ಕುಗಳು' ಅಂತ ಕಳಿಸಿದೆ. ಸಾರುವೆ ಕೈಪಿಡಿಗೆ ಹೋಯಿತು.

ಮರು:
'ಫ್ರೇಮ್‌ವರ್ಕ್‌ಗಳು'. ಉಕಾರ ಬೇಡ.