ಅಜ್ಜನ ಕೆಲಸದ ಮನೆಗೆ ಈಗಲೇ ಪಾಲಿಶ್ ಬೇಡ

ಪುಟ್ಟೀ, ನಿನ್ನ ಮೆಸೇಜ್ ನೋಡಿದೆ. ಮುಂದಿನ ತಿಂಗಳು ಕಾಲೇಜಿನ ನಲವತ್ತು ಮಕ್ಕಳು ಅಜ್ಜ ಮರಗೆಲಸ ಮಾಡ್ತಿದ್ದ ಕೆಲಸದ ಮನೆ ನೋಡೋಕೆ ಬರ್ತಾರೆ, ಕಿಟಕಿ ಪಕ್ಕದ ಬೆಂಚಿನ ಕಾಲಿಂದ ಪುಡಿ ಉದುರ್ತಿದೆ, ಪಾಲಿಶ್‌ನವನು ಎರಡೇ ದಿನದಲ್ಲಿ ಎಲ್ಲಾ ಹೊಸದರ ಹಾಗೆ ಮಾಡಿಕೊಡ್ತೀನಿ ಅಂತಿದಾನೆ, ಒಪ್ಪಲಾ ಅತ್ತೆ ಅಂತ ಕೇಳಿದೀಯ. ಒಪ್ಪಬೇಡ. ಇಷ್ಟೆಲ್ಲ ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಹೇಳ್ತಾ ಹೋಗ್ತೀನಿ, ಎಲ್ಲರೂ ಪೂರ್ತಿ ಕೇಳಿಸಿಕೊಳ್ಳಿ.

ನಮ್ಮ ದೊಡ್ಡ ಮಾವನ ಶೆಡ್ಡಿಗೆ ಏನಾಯ್ತು ಅಂತ ನಿಮಗೆಲ್ಲ ಗೊತ್ತಲ್ಲ. ಅವರು ಹೋದ ಮೇಲೆ ಯಾರೋ ದೊಡ್ಡವರು ಬರ್ತಾರೆ ಅಂತ ಒಬ್ಬ ಕಂಟ್ರಾಕ್ಟರನ್ನ ಕರೆಸಿದ್ರು. ಅವನು ಮೊದಲು ಬೆಂಚಿನ ಮೇಲೆ ಸ್ಯಾಂಡಿಂಗ್ ಮಷೀನ್ ಓಡಿಸಿದ. ಎಡಗಡೆ ಅಂಚಿನಲ್ಲಿ ಗರಗಸ ಆನಿಸಿ ಆನಿಸಿ ಬಿದ್ದಿದ್ದ ಗೀರುಗಳು, ಅಂಟಿನ ಕಲೆ, ಮಾವ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದ ಬಾಗಿಲಿನ ಅಳತೆ, ಎಲ್ಲಾ ಧೂಳಾಗಿ ಹೋಯ್ತು. ಆ ಗೀರುಗಳನ್ನ ನೋಡಿದರೆ ಮಾವ ಯಾವ ಕಡೆ ನಿಂತು ಕೊಯ್ತಿದ್ರು, ಯಾವ ಕೈ ಊರ್ತಿದ್ರು ಅಂತ ಗೊತ್ತಾಗ್ತಿತ್ತು. ಆಮೇಲೆ ಕಪಾಟು, ಕುರ್ಚಿಗಳಿಗೆ ಹಳೇ ಮೇಣದ ಮೇಲೇ ಪಿಯು, ಅಂದರೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ಥರದ ಪಾಲಿಶ್ ಹೊಡೆದ. ಮೇಣದ ಮೇಲೆ ಪಿಯು ಕಚ್ಚಲ್ಲ. ಮರದಲ್ಲಿ ಮಳೆಗಾಲದ ತೇವ ಬೇರೆ. ಮೊದಲು ಬಿಳಿ ಮಚ್ಚೆ ಎದ್ದಿತು, ಆಮೇಲೆ ಹಾಳೆ ಹಾಳೆಯಾಗಿ ಸುಲಿದು ಬಂತು. ಅದನ್ನ ತೆಗೆಯೋಕೆ ಮತ್ತೆ ಉಜ್ಜಬೇಕಾಯ್ತು, ಉಜ್ಜಿದಷ್ಟೂ ಕೆತ್ತನೆಯ ಅಂಚು ಮೊಂಡಾಯ್ತು. ಹಾಗಾಗಿ ಹೇಳ್ತಿದೀನಿ: ಎಲ್ಲಾ ದಾಖಲೆ ಆಗೋ ತನಕ ಯಾವುದಕ್ಕೂ ಏನೂ ಹಚ್ಚಬೇಡಿ, ಯಾವುದನ್ನೂ ಉಜ್ಜಬೇಡಿ.

ಅಜ್ಜ ಹೆಚ್ಚಾಗಿ ಬಳಸ್ತಿದ್ದದ್ದು ಚಪಡಾ, ಅಂದರೆ ಅರಗಿನ ಪಾಲಿಶ್. ಅನುಮಾನ ಇದ್ದರೆ ಕಾಣದ ಜಾಗದಲ್ಲಿ, ಡ್ರಾಯರ್ ಒಳಗಡೆ ಅಂಚಿಗೆ, ಹತ್ತಿ ಸುತ್ತಿದ ಕಡ್ಡಿಗೆ ಒಂದು ಹನಿ ಸ್ಪಿರಿಟ್ ಹಾಕಿ ಮುಟ್ಟಿಸಿ. ಅಂಟಂಟಾದರೆ ಅರಗು. ಅಗಸೆ ಎಣ್ಣೆ ಹಚ್ಚಿ ಒಣಗಿಸಿದ್ದು ಹಾಗೆ ಕರಗಲ್ಲ. ಅರಗು ಅಂತ ಗೊತ್ತಾದ ಮೇಲೆ ಅದಕ್ಕೆ ಒದ್ದೆ ಬಟ್ಟೆಯೂ ಬೇಡ, ಬೆಳ್ಳಗೆ ಮಂಜು ಕಟ್ಟತ್ತೆ. ಮೆತ್ತನೆ ಬ್ರಷ್‌ನಲ್ಲಿ ಧೂಳು ಹೊಡೆದು ವ್ಯಾಕ್ಯೂಮ್ ಬಾಯಿಗೆ ತಳ್ಳಿ, ಸಾಕು. ಫಳಫಳ ಹೊಳೆಸೋ ಸಿಲಿಕಾನ್ ಸ್ಪ್ರೇ ಮಾತ್ರ ಹತ್ತಿರ ಸೇರಿಸಬೇಡಿ, ಮುಂದೆ ಯಾವ ರಿಪೇರಿ ಪಾಲಿಶೂ ಅದರ ಮೇಲೆ ಸರಿಯಾಗಿ ಹರಡಲ್ಲ.

ಉಳಿಗಳನ್ನ ಸಾಣೆ ಹಿಡಿಸೋದೂ ಬೇಡ. ಅಜ್ಜ ಅಂಚನ್ನ ಎಷ್ಟು ಓರೆಗೆ ಇಟ್ಟಿದ್ರೋ ಅದೇ ಅವರ ಕೈಯ ಗುರುತು. ಹಿಡಿ ಮೇಲೆ ಬೆವರಿಗೆ ಕಪ್ಪಾಗಿರೋ ಜಾಗಕ್ಕೆ ಸೋಪು ನೀರು ಸೋಕಿಸಬೇಡಿ. ದಾಖಲೆ ಆದ ಮೇಲೆ ಉಕ್ಕಿನ ಭಾಗಕ್ಕಷ್ಟೇ ಮೈಕ್ರೋಕ್ರಿಸ್ಟಲಿನ್ ಮೇಣ, ಅಂದರೆ ಪೆಟ್ರೋಲಿಯಂನಿಂದ ಮಾಡೋ ಮೇಣ, ತೆಳ್ಳಗೆ ಸವರಿದರೆ ತುಕ್ಕು ತಡೆಯತ್ತೆ.

ಇನ್ನೊಂದು ಸಲ ಹೇಳ್ತೀನಿ, ಪಾಲಿಶ್‌ನವನನ್ನ ಒಳಗೆ ಬಿಡಬೇಡಿ. ದಾಖಲೆ ಮೊದಲು. ಒಂದೊಂದು ಗೋಡೆಯನ್ನೂ ಒಂದೇ ಜಾಗದಲ್ಲಿ ನಿಂತು, ಅಳತೆಪಟ್ಟಿ ಕಾಣೋ ಹಾಗೆ ಫೋಟೋ ತೆಗೀರಿ. ಆಮೇಲೆ ಒಂದೊಂದು ಅಟ್ಟಣೆ, ಆಮೇಲೆ ಒಂದೊಂದು ಸಾಮಾನು. ಸ್ಟಿಕ್ಕರ್, ಸೆಲೋಟೇಪ್ ಅಂಟಿಸಬೇಡಿ, ಕೀಳುವಾಗ ಅರಗೂ ಕಿತ್ತು ಬರತ್ತೆ. ಹತ್ತಿ ದಾರಕ್ಕೆ ಚೀಟಿ ಕಟ್ಟಿ, ಪೆನ್ಸಿಲ್‌ನಲ್ಲಿ ನಂಬರ್ ಬರೀರಿ. ಮ್ಯೂಸಿಯಂನವರು ಪ್ಯಾರಾಲಾಯ್ಡ್ ಬಿ-72 ಅಂತ ಪಾರದರ್ಶಕ ರಾಳ ಸವರಿ, ಅದರ ಮೇಲೆ ನಂಬರ್ ಬರೆದು, ಮೇಲೊಂದು ಪದರ ಕೊಡ್ತಾರೆ. ಅದನ್ನ ಅಸಿಟೋನ್‌ನಲ್ಲಿ ಕರಗಿಸಿರ್ತಾರೆ, ಅರಗಿನ ಪಾಲಿಶ್ ಹಾಳಾಗಬಹುದು. ನಮಗೆ ಚೀಟಿಯೇ ಸರಿ.

ಇಂಥ ಕೆಲಸದ ಮನೆಯನ್ನ ಉಳಿಸಿಕೊಂಡ ಮನೆಯವರೂ ಇದಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಾರ್ಟನ್ ಎಶೆರಿಕ್ ಅಂತ ಮರದ ಕಲಾವಿದರಿದ್ರು. 1926ರಲ್ಲಿ ಕಟ್ಟೋಕೆ ಶುರು ಮಾಡಿದ ಸ್ಟುಡಿಯೋ ಅವರದು. 1970ರಲ್ಲಿ ಅವರು ತೀರಿಕೊಂಡರು, 1972ರ ಹೊತ್ತಿಗೆ ಅದು ಮ್ಯೂಸಿಯಂ ಆಗಿತ್ತು. ಮಗಳು, ಅಳಿಯ ಜೊತೆಗೆ ನಿಂತು ಉಳಿಸಿಕೊಂಡರು. ಅದೇ ರಾಜ್ಯದ ನ್ಯೂ ಹೋಪ್ ಊರಿನಲ್ಲಿ ಜಾರ್ಜ್ ನಕಾಶಿಮಾ ಅಂತ ಮರದ ಪೀಠೋಪಕರಣ ಮಾಡ್ತಿದ್ದವರು, ಒಂದು ಕಾಲಕ್ಕೆ ನಮ್ಮ ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡೆ ವಸತಿ ಕಟ್ಟಡದ ಕೆಲಸ ಮಾಡಿದವರು. 1990ರಲ್ಲಿ ಅವರು ಹೋದ ಮೇಲೂ ಮಗಳು ಮೀರಾ ಅಲ್ಲೇ ಕೆಲಸ ಮುಂದುವರಿಸಿದ್ರು. ನಮ್ಮವರು ಏನು ಮಾಡಿದ್ರು? ಅಜ್ಜನ ಹದಿಮೂರನೇ ದಿನದ ಊಟ ಮುಗಿಸಿ, ನೆನಪಿಗೆ ಅಂತ ಒಬ್ಬೊಬ್ಬರು ಒಂದೊಂದು ಉಳಿ ಎತ್ತಿಕೊಂಡು ಹೋದ್ರು. ಒಂದೇ ಸಾಲಿನಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಜೋಡಿಸಿದ್ದ ಸೆಟ್ ಅದು, ಈಗ ಗೂಡು ಖಾಲಿ. ಪ್ರದರ್ಶನಕ್ಕೆ ಅಂತ ರಟ್ಟಿನ ಅಚ್ಚುಗಳನ್ನ ಒಯ್ದವರು ಇವತ್ತಿಗೂ ವಾಪಸ್ ಕೊಟ್ಟಿಲ್ಲ, ನಮ್ಮ ಹತ್ತಿರ ಒಂದು ರಸೀದಿ ಕೂಡ ಇಲ್ಲ. ಪೇಪರ್‌ನಲ್ಲಿ ಅಜ್ಜನ ಫೋಟೋ ಬಂದರೆ ಎಲ್ಲರೂ ಸ್ಟೇಟಸ್ ಹಾಕ್ತೀರಿ, ಮಾಡಿನ ಹೆಂಚು ತಿರುವಿ ಹಾಕಿಸೋಣ ಅಂದರೆ ಯಾರೂ ಫೋನ್ ಎತ್ತಲ್ಲ. ಉಳಿ ಇಟ್ಟುಕೊಂಡವರು ದಯವಿಟ್ಟು ತಂದುಕೊಡಿ, ನಾನು ಯಾರ ಹೆಸರೂ ಹೇಳಲ್ಲ.

ಅಯ್ಯೋ, ಪುಟ್ಟಿ ಕೇಳಿದ್ದು ಪುಡಿ ವಿಷಯ. ನೋಡಮ್ಮ, ಪುಡಿ ಹಿಟ್ಟಿನ ಹಾಗೆ ನುಣ್ಣಗಿದ್ದು, ತೂತು ಒಂದೆರಡು ಮಿಲಿಮೀಟರ್ ಅಗಲ ಇದ್ದರೆ ಅದು ಕುಟ್ಟೆಹುಳ. ಗೋಡೆ ಮೇಲೆ ಮಣ್ಣಿನ ದಾರಿ ಕಂಡರೆ ಗೆದ್ದಲು, ಅದರ ಚಿಕಿತ್ಸೆ ನೆಲಕ್ಕೂ ಮಾಡಿಸಬೇಕು, ಅದೇ ಬೇರೆ. ಹಳೇ ತೂತಿಂದಲೂ ಬೆಂಚು ಅಲ್ಲಾಡಿದಾಗ ಪುಡಿ ಉದುರತ್ತೆ, ಅದಕ್ಕೇ ಗಾಬರಿ ಬೇಡ. ಈಗಿರೋ ಪುಡಿ ತೆಗೆದು, ಕಾಲಿನ ಕೆಳಗೆ ಕರಿ ಹಾಳೆ ಹಾಸಿ, ತೂತುಗಳ ಫೋಟೋ ಇಟ್ಟುಕೊಂಡು ಎರಡು ವಾರ ಬೆಂಚು ಮುಟ್ಟಬೇಡ. ಹಾಳೆ ಮೇಲೆ ಮತ್ತೆ ಗುಪ್ಪೆ ಕಟ್ಟಿದರೆ, ಒಳಗಡೆ ಮರದ ಬಣ್ಣ ತಿಳಿಯಾಗಿರೋ ಹೊಸ ತೂತು ಕಂಡರೆ, ಹುಳ ಜೀವಂತ ಇದೆ ಅಂತ. ಆಗ ಮರದ ಸಂರಕ್ಷಣೆ ಬಲ್ಲವರನ್ನ ಕರೆಸೋಣ. ಸಣ್ಣ ಸಾಮಾನಿಗೆ ಹತ್ತಿದ್ದರೆ ಪಾಲಿಥಿನ್‌ನಲ್ಲಿ ಗಾಳಿಯಾಡದ ಹಾಗೆ ಸುತ್ತಿ, ಮೈನಸ್ 18–20 ಡಿಗ್ರಿ ಇರೋ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಬಹುದು. ಆದರೆ ಅಂಟಿಸಿದ್ದು, ಬಣ್ಣ ಬಳಿದದ್ದು ಇದ್ದರೆ ಕೇಳದೆ ಇಡಬೇಡ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬಾರದು, ಬೆವರು ಕವರ್ ಮೇಲೆ ಕೂರಲಿ, ಮರದ ಮೇಲೆ ಬೇಡ.

ಮಕ್ಕಳು ಬರಲಿ, ಬೇಡ ಅನ್ನಬೇಡ. ಎಂಟೆಂಟು ಜನರ ಐದು ಗುಂಪು ಮಾಡು, ಬ್ಯಾಗು ಜಗುಲಿಯಲ್ಲೇ ಇಡಲಿ, ತಿರುಗುವಾಗ ಹೆಗಲ ಮೇಲಿನ ಬ್ಯಾಗೇ ಸಾಮಾನಿಗೆ ತಾಗೋದು. ಚೂಪು ಹಿಮ್ಮಡಿ ಚಪ್ಪಲಿ ಮರದ ನೆಲಕ್ಕೆ ಗುಳಿ ಬೀಳಿಸತ್ತೆ, ಅದೂ ಹೊರಗೆ. ಅಟ್ಟಕ್ಕೆ ಯಾರನ್ನೂ ಹತ್ತಿಸಬೇಡ. ಮುಟ್ಟಿ ನೋಡೋಕೆ ಬೇರೆ ಹಲಗೆ, ಬೇರೆ ಉಳಿ ಇಡು. ಅವರು ಬರ್ತಾರೆ ಅಂತ ಅವತ್ತೊಂದು ದಿನ ಏಸಿ ಹಾಕಬೇಡ, ತೇವ ದಿಢೀರನೆ ಇಳಿದರೆ ಹಲಗೆ ಸೀಳತ್ತೆ. ಇನ್ನು ಮೂಲೆ ಡಬ್ಬದಲ್ಲಿ ಅಗಸೆ ಎಣ್ಣೆ ಬಟ್ಟೆ ಇದ್ದರೆ ಇವತ್ತೇ ನೋಡು. ಹಸಿ ಎಣ್ಣೆ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಒಣಗ್ತಾ ಒಣಗ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳತ್ತೆ, ಪಕ್ಕದಲ್ಲೇ ಹೊಟ್ಟಿನ ಚೀಲ ಇದೆ. ಅಂಗಳಕ್ಕೆ ತಂದು ಒಂದೊಂದಾಗಿ ಹರಡಿ ಒಣಗಿಸು, ಇಲ್ಲಾ ಮುಚ್ಚಳ ಇರೋ ತಗಡಿನ ಡಬ್ಬದಲ್ಲಿ ನೀರು ತುಂಬಿ ಮುಳುಗಿಸಿಡು. ಅದಾದ ಮೇಲೆ ಕರಿ ಹಾಳೆ ಹಾಸಿ, ಫೋಟೋ ತೆಗೆದು ನನಗೆ ಕಳಿಸು.